ಆಡುಸೋಗೆ, ಕಾಫಿ, ಪಂಪು

ನಮ್ಮ ಕೋಟೆ ಕಡೆ ಮಳೆ ಹಿಡ್ಕೊಂಡ್ರೆ ಎರಡು ಸದ್ದು ಗ್ಯಾರಂಟಿ. ಒಂದು, ಹೆಂಚಿನ ಮೇಲೆ ನೀರು ಬೀಳೋದು. ಇನ್ನೊಂದು, ಯಾರದ್ದಾದ್ರೂ ಮನೇಲಿ ಎದೆ ಸುಯ್ಯ್ ಅನ್ನೋದು. ಉಬ್ಬಸ ಅಂತೀವಿ, ದಮ್ಮು ಅಂತೀವಿ, ನಮ್ಮತ್ತೆ ಗೂರ್ಲು ಅಂತಾರೆ. ಹೆಸ್ರು ಎಂತದೇ ಇರ್ಲಿ, ಮದ್ದು ಹೇಳಕ್ಕೆ ಮಾತ್ರ ಮನೆಗೊಬ್ರು ಡಾಕ್ಟ್ರಿದಾರೆ. ಒಬ್ರು ಆಡುಸೋಗೆ ಕಷಾಯ ಅಂತಾರೆ, ಒಬ್ರು ಗಟ್ಟಿ ಡಿಕಾಕ್ಷನ್ ಅಂತಾರೆ, ಇನ್ನೊಬ್ರು ಮೃಗಶಿರ ಹುಟ್ಟೋ ದಿವ್ಸ ಹೈದರಾಬಾದಿಗೆ ಹೋಗಿ ಮೀನು ನುಂಗ್ಬಿಟ್ಟು ಬನ್ನಿ ಅಂತಾರೆ. ಪಂಪ್ ತಗೊಳ್ಳಿ ಅಂತ ಮಾತ್ರ ಯಾರೂ ಜೋರಾಗಿ ಹೇಳಲ್ಲ. ಅದನ್ನ ಹೇಳೋದು ಕಿವೀಲಿ.

ಈ ಗುಟ್ಟು ಎಂತಕ್ಕೆ ಅಂತ ನಂಗೆ ಬಹಳ ದಿವ್ಸದಿಂದ ಅನ್ಸ್ತಿತ್ತು. ಯಾಕಂದ್ರೆ ಸೊಪ್ಪು, ಕಾಫಿ, ಪಂಪು ಮೂರೂ ದೂರದೋರಲ್ಲ ಕಣ್ರೀ, ಹೆಚ್ಚುಕಮ್ಮಿ ಒಂದೇ ಮನೆತನದೋರು.

ಆಡುಸೋಗೆನೇ ತಗೊಳ್ಳಿ. ಆಡು ಮುಟ್ಟದ ಸೊಪ್ಪಿಲ್ಲ ಅಂತಾರಲ್ಲ, ಈ ಸೊಪ್ಪನ್ನ ಮಾತ್ರ ಅದೂ ಮುಟ್ಟಲ್ಲ, ಅಷ್ಟು ಕಹಿ. ನಮ್ಮತ್ತೆ ಎಲೆ ಬಾಡಿಸಿ, ರಸ ಹಿಂಡಿ, ಜೇನುತುಪ್ಪ, ಚಿಟಿಕೆ ಮೆಣಸಿನಪುಡಿ ಹಾಕಿ ಕೊಡ್ತಾರೆ. ಅದ್ರಲ್ಲಿರೋ ಮುಖ್ಯ ಸತ್ವದ ಹೆಸ್ರು ವ್ಯಾಸಿಸಿನ್. ಅದನ್ನೇ ಮಾದರಿ ಇಟ್ಕೊಂಡು 1960ರ ದಶಕದಲ್ಲಿ ಬ್ರೋಮ್‌ಹೆಕ್ಸಿನ್ ಅನ್ನೋ ಔಷಧಿ ಮಾಡಿದ್ರು. ಮನೇಲಿರೋ ಕೆಮ್ಮಿನ ಸಿರಪ್ ಬಾಟ್ಲಿ ತಿರುಗ್ಸಿ ನೋಡಿ, ಎಷ್ಟೋ ಬಾಟ್ಲೀಲಿ ಆ ಹೆಸ್ರಿರುತ್ತೆ. ಗಟ್ಟಿ ಕಫ ತೆಳು ಮಾಡಿ ಹೊರಗೆ ಹಾಕಕ್ಕೆ ಅದು. ಅಂದ್ರೆ ನಮ್ಮತ್ತೆ ಹಿತ್ತಲಿಂದ ತಂದಿದ್ದೂ, ಮೆಡಿಕಲ್ ಶಾಪಲ್ಲಿ ಕೊಟ್ಟಿದ್ದೂ ನೆಂಟ್ರೇ.

ಕಾಫಿ ಕಥೆನೂ ಹಾಗೇ. ಲಂಡನ್ನಿನ ಹೆನ್ರಿ ಹೈಡ್ ಸಾಲ್ಟರ್ ಅನ್ನೋ ಡಾಕ್ಟ್ರು 1860ರಲ್ಲಿ ಉಬ್ಬಸದ ಮೇಲೇ ಒಂದು ಪುಸ್ತಕ ಬರೆದ್ರು. ಪಾಪ, ಅವ್ರಿಗೂ ಉಬ್ಬಸ ಇತ್ತು. ಖಾಲಿ ಹೊಟ್ಟೇಲಿ ಗಟ್ಟಿ ಕಾಫಿ ಕುಡೀರಿ ಅಂತ ಹೇಳ್ತಿದ್ರು. ಸುಳ್ಳಲ್ಲ ಅದು. ಕೆಫೀನು ಉಸಿರಿನ ಕೊಳವೆನ ಸ್ವಲ್ಪ ಸಡ್ಲ ಮಾಡುತ್ತೆ, ಒಂದೆರಡು ತಾಸು ಹಾಯ್ ಅನ್ಸುತ್ತೆ. ಅದರ ಖಾಸಾ ತಂಗಿ ಥಿಯೋಫಿಲಿನ್, 1888ರಲ್ಲಿ ಚಹಾ ಎಲೇಲಿ ಸಿಕ್ಕಿದ್ದು. ಹಳಬರು "ಡೆರಿಫಿಲಿನ್ ಒಂದು ನುಂಗಿದ್ರೆ ಸಾಕು" ಅಂತಾರಲ್ಲ, ಆ ಮಾತ್ರೇಲಿ ಇರೋದು ಇದೇ. ಆದ್ರೆ ಉಬ್ಬಸ ಜೋರಾದಾಗ ಕಾಫಿ ಸಾಕಾಗಲ್ಲ. ಡಿಕಾಕ್ಷನ್ ಇಳಿಯೋ ತನಕ ಎದೆ ಕಾಯುತ್ತಾ?

ದತ್ತೂರಿದೂ ಹೇಳ್ಬಿಡ್ತೀನಿ. ನಮ್ಮತ್ತೆಯ ಅಜ್ಜ ಒಣಗಿದ ದತ್ತೂರಿ ಎಲೆನ ಬೀಡಿ ಹಾಗೆ ಸುತ್ತಿ ಸೇದ್ತಿದ್ರಂತೆ. ಈ ಪದ್ಧತೀನ 1802ರಲ್ಲಿ ಮದ್ರಾಸಿಂದ ಒಬ್ಬ ಬ್ರಿಟಿಷ್ ಜನರಲ್ ಇಂಗ್ಲೆಂಡಿಗೆ ತಗೊಂಡು ಹೋದ. ಆಮೇಲೆ ಅಲ್ಲಿ ಉಬ್ಬಸದ ಸಿಗರೇಟು ಅಂತನೇ ಅಂಗಡೀಲಿ ಮಾರ್ತಿದ್ರು. ಅದ್ರಲ್ಲಿರೋ ಅಟ್ರೋಪಿನ್ನಿಂದ ಮುಂದೆ ಇಪ್ರಾಟ್ರೋಪಿಯಂ ಬಂತು, ಈಗ ಆಸ್ಪತ್ರೇಲಿ ನೆಬ್ಯುಲೈಜರ್‌ಗೆ ಹಾಕೋ ಡ್ಯುಯೋಲಿನ್‌ನಲ್ಲಿ ಅದಿದೆ. ದಯವಿಟ್ಟು ಯಾರೂ ದತ್ತೂರಿ ಮುಟ್ಬೇಡಿ ಮತ್ತೆ, ಅದು ವಿಷ. ಅಳತೆ ಒಂಚೂರು ತಪ್ಪಿದ್ರೂ ಜೀವಕ್ಕೇ ಬರುತ್ತೆ.

ಇನ್ನು ಪಂಪು. ಅಮೆರಿಕದ ಔಷಧಿ ಕಂಪನಿಯೊಂದರ ಯಜಮಾನರಿಗೆ ಉಬ್ಬಸ ಇರೋ ಹದಿಮೂರು ವರ್ಷದ ಮಗಳಿದ್ಲು. ಆಗ ಗಾಜಿನ ಬುರುಡೆ ಒತ್ತಿ ಒತ್ತಿ ಔಷಧಿ ಎಳ್ಕೋಬೇಕಿತ್ತು. ಆ ಹುಡುಗಿ "ಕೂದಲಿಗೆ ಹೊಡ್ಕೊಳ್ಳೋ ಸ್ಪ್ರೇ ಹಾಗೆ ಇದನ್ನೂ ಡಬ್ಬಿಗೆ ಹಾಕಕ್ಕಾಗಲ್ವಾ?" ಅಂತ ಕೇಳಿದ್ಲಂತೆ. 1956ರಲ್ಲಿ ಪಂಪ್ ಬಂದೇಬಿಡ್ತು. ಈಗ ಎಲ್ಲರ ಮನೇಲಿರೋ ಆಸ್ತಾಲಿನ್ ಒಳಗಿನ ಸಾಲ್ಬುಟಮಾಲ್ ಪೇಟೆಗೆ ಬಂದಿದ್ದು 1969ರಲ್ಲಿ. ಐದು ನಿಮಿಷದೊಳಗೆ ಉಸಿರು ಬಿಡಿಸುತ್ತೆ, ನಾಲ್ಕೈದು ತಾಸು ಇರುತ್ತೆ.

"ಪಂಪ್ ಹಿಡಿದ್ರೆ ಬಿಡಕ್ಕಾಗಲ್ಲ, ಅದು ಕೊನೇ ಮದ್ದು" ಅಂತ ನಮ್ಮತ್ತೆ ಈಗ್ಲೂ ಹೇಳ್ತಾರೆ. ನಾನು ಅವ್ರಿಗೆ ಅಡಿಗೆಮನೆ ಲೆಕ್ಕನೇ ಹೇಳಿದೆ. ಅದೇ ಔಷಧೀದು ಮಾತ್ರೆ 4 ಮಿಲಿಗ್ರಾಂ. ಪಂಪ್ ಒಂದ್ಸಲ ಒತ್ತಿದ್ರೆ ಬರೋದು 100 ಮೈಕ್ರೋಗ್ರಾಂ. ಅಂದ್ರೆ ಒಂದು ಮಾತ್ರೆಗೆ ನಲವತ್ತು ಸಲ ಒತ್ಬೇಕು! ಮಾತ್ರೆ ಹೊಟ್ಟೆಗೆ ಹೋಗಿ, ರಕ್ತಕ್ಕೆ ಸೇರಿ, ಮೈಯೆಲ್ಲಾ ಸುತ್ತಿ ಎದೆಗೆ ಬರುತ್ತೆ, ಅದಕ್ಕೇ ಕೈ ನಡುಕ, ಎದೆ ಡವಡವ. ಪಂಪ್ ಸೀದಾ ಬಾಗ್ಲಿಗೇ ಬರುತ್ತೆ. ಅತ್ತೆ ಕೇಳಿಸ್ಕೊಂಡ್ರು. "ಹಂಗಾದ್ರೆ ಮುಚ್ಚಿಡೋದು ಎಂತಕ್ಕೆ?" ಅಂದ್ರು.

ಮುಚ್ಚಿಡೋದು ಎಂತಕ್ಕೆ ಅಂತ ಹೋದ ತಿಂಗಳು ಕಣ್ಣಾರೆ ನೋಡ್ದೆ. ಭದ್ರಾವತೀಲಿ ನಮ್ಮ ನಾದಿನಿ ಮಗಳನ್ನ ನೋಡಕ್ಕೆ ಗಂಡಿನ ಕಡೆಯೋರು ಬರೋರಿದ್ರು. ಬೆಳಿಗ್ಗೆನೇ ನಾದಿನಿ ನನ್ನ ಪಕ್ಕಕ್ಕೆ ಕರೆದು, "ಅತ್ತಿಗೆ, ಅವಳ ಪಂಪ್ ತೆಗೆದು ಬೀರೂಲಿ ಇಟ್ಬಿಡಿ, ಅವರ ಕಣ್ಣಿಗೆ ಬೀಳೋದು ಬೇಡ" ಅಂದ್ಲು.

"ಅಲ್ವೇ ಮಾರಾಯ್ತಿ, ಪಂಪ್ ಬೀರೂಲಿಟ್ರೆ ಉಬ್ಬಸಾನೂ ಅಲ್ಲೇ ಕೂತಿರುತ್ತಾ?" ಅಂದೆ. ಪಂಪ್ ಹುಡುಗಿ ಕೈಯಲ್ಲೇ ಕೊಟ್ಟೆ.

ಅವ್ರು ಬಂದ್ರು. ಒಳಗೆ ಮೆಣಸಿನಕಾಯಿ ಬಜ್ಜಿ, ಎಣ್ಣೆ ಘಾಟು, ಹೊರಗೆ ಜಡಿಮಳೆ, ಕಿಟಕಿ ಎಲ್ಲಾ ಬಂದ್. ಹುಡುಗಿ ಕಾಫಿ ಕೊಟ್ಟು ಕೂತ್ಲು. ಎಲ್ಲಿ ಓದಿದ್ದು ಅಂತ ಕೇಳಿದ್ರೆ ಎರಡು ಮಾತು ಹೇಳಿ ನಿಲ್ಸಿದ್ಲು. ನಂಗೆ ಗೊತ್ತಾಯ್ತು. ನಾದಿನಿ ಕಣ್ಣಲ್ಲೇ ಬೇಡ ಅಂತಿದ್ಲು. ಹುಡುಗಿ ಅವರ ಎದುರಿಗೇ ಪಂಪ್ ತೆಗೆದು, ಅಲ್ಲಾಡ್ಸಿ, ಒಂದ್ಸಲ ಎಳೆದು ಉಸಿರು ಹಿಡಿದ್ಲು, ಆಮೇಲೆ ಇನ್ನೊಂದ್ಸಲ. ಯಾರೂ ಮಾತಾಡ್ಲಿಲ್ಲ. ಐದು ನಿಮಿಷ ಬಿಟ್ಟು, ನಿಲ್ಸಿದ್ದ ಮಾತು ಪೂರ್ತಿ ಮಾಡಿದ್ಲು. "ಎಷ್ಟು ವರ್ಷದಿಂದ ಇದು?" ಅಂತ ಹುಡುಗನ ತಾಯಿ ಕೇಳಿದ್ರು. "ಆರನೇ ಕ್ಲಾಸಿಂದ" ಅಂದ್ಲು. ಅಷ್ಟೇ.

ಅವ್ರು ಹೋದ್ಮೇಲೆ ನಾದಿನಿ ಅತ್ಲು. ಬಾಯಿಗೆ ಬಂದದ್ದೆಲ್ಲ ಅಂದ್ಲು. ನಂಗೆ ಬೇಜಾರಿಲ್ಲ, ತಾಯಿ ಹೊಟ್ಟೆ. ಅವಳಿಗೆ ಒಂದೇ ಮಾತು ಹೇಳ್ದೆ. ಮುಚ್ಚಿಟ್ಟು ಮದುವೆ ಮಾಡಿದ್ರೆ, ರಾತ್ರಿ ಎರಡು ಗಂಟೆಗೆ ಆ ಮನೇಲಿ ಹುಡುಗಿಗೆ ಉಸಿರು ಸಿಗದೇ ಹೋದಾಗ ಪಂಪ್ ಎಲ್ಲಿದೆ ಅಂತ ಯಾರಿಗೆ ಗೊತ್ತಿರುತ್ತೆ? ಆ ಕಡೆಯಿಂದ ಇನ್ನೂ ಹೇಳಿ ಕಳ್ಸಿಲ್ಲ. ಹೂಂ ಅಂದ್ರೆ ಗೊತ್ತಿದ್ದೇ ಹೂಂ ಅಂದಂಗಾಯ್ತು.

ಆದ್ರೆ ಆ ನೀಲಿ ಪಂಪೊಂದೇ ಸಾಕು ಅಂತಾನೂ ಅಲ್ಲ. ನಂಗೆ ಅರ್ಥ ಆಗಿದ್ದು ಹೀಗೆ. ಉಸಿರಿನ ಕೊಳವೆ ಸುತ್ತ ಲಂಗದ ಲಾಡಿ ಹಾಗೆ ಒಂದು ಸ್ನಾಯು ಇರುತ್ತೆ. ಉಬ್ಬಸ ಬಂದಾಗ ಲಾಡಿ ಬಿಗಿಯುತ್ತೆ. ಕಾಫಿ, ಡೆರಿಫಿಲಿನ್, ಆಸ್ತಾಲಿನ್ ಇವೆಲ್ಲ ಲಾಡಿ ಸಡ್ಲ ಮಾಡೋವು. ಆದ್ರೆ ಕೊಳವೆ ಒಳಗೆ ಊತ ಇರುತ್ತಲ್ಲ, ಅದು ಲಾಡಿ ಬಿಚ್ಚಿದ್ರೆ ಇಳಿಯಲ್ಲ. ಅದಕ್ಕೆ ಡಾಕ್ಟ್ರು ಬೇರೆ ಪಂಪ್ ಕೊಡ್ತಾರೆ, ಬುಡೆಸೊನೈಡ್ ಇರೋ ಫೊರಾಕಾರ್ಟ್ ಥರದ್ದು. ಅದನ್ನ ಹೇಳಿದಷ್ಟು ದಿವ್ಸ ತಪ್ಪದೆ ತಗೋಬೇಕು, ಆಮೇಲೆ ಬಾಯಿ ಮುಕ್ಕಳಿಸಿ ಉಗೀಬೇಕು. ಜಗತ್ತಿನ ಡಾಕ್ಟ್ರುಗಳಿಗೆ ಉಬ್ಬಸದ ವಿಷಯದಲ್ಲಿ ದಾರಿ ಹೇಳೋ ಜೀನಾ ಅನ್ನೋ ಸಂಸ್ಥೆ 2019ರಿಂದ ಹೇಳ್ತಿರೋದೂ ಇದೇ, ಬರೀ ನೀಲಿ ಪಂಪ್ ನಂಬ್ಕೊಂಡು ಕೂರ್ಬೇಡಿ ಅಂತ. ವಾರದಲ್ಲಿ ಎರಡು ಸಲಕ್ಕಿಂತ ಜಾಸ್ತಿ ಅದು ಬೇಕಾಯ್ತು ಅಂದ್ರೆ ಡಾಕ್ಟ್ರ ಹತ್ರ ಹೋಗೋ ಹೊತ್ತಾಯ್ತು ಅಂತ ತಿಳ್ಕೊಳ್ಳಿ. ಒಂದು ವಾಕ್ಯ ಪೂರ್ತಿ ಆಡಕ್ಕಾಗ್ತಿಲ್ಲ, ತುಟಿ ನೀಲಿ ಆಗ್ತಿದೆ, ಪಂಪ್ ಎಳೆದ್ರೂ ಬಿಡ್ತಿಲ್ಲ ಅಂದ್ರೆ ಕಷಾಯ ಕಾಯ್ಸ್ತಾ ನಿಲ್ಬೇಡಿ. ಪಂಪ್ ಕೊಡ್ತಾನೇ ಗಾಡಿ ಹತ್ಸಿ, ಮೆಗ್ಗಾನೋ, ಹತ್ರ ಯಾವುದಿದೆಯೋ ಅಲ್ಲಿಗೆ.

ನಮ್ಮ ಹಿತ್ತಲ ಆಡುಸೋಗೆ ಈ ಮಳೇಲಿ ಚೆನ್ನಾಗಿ ಚಿಗುರಿದೆ. ಬೇಕಾದೋರು ಕಡ್ಡಿ ಮುರ್ಕೊಂಡು ಹೋಗಿ, ನೆಟ್ರೆ ಹತ್ಕೊಳ್ಳುತ್ತೆ. ಕೆಮ್ಮಿಗೆ ಕಷಾಯ ಮಾಡ್ಕೊಳ್ಳಿ, ಬಸುರಿ ಹೆಂಗಸರಿಗೆ ಮಾತ್ರ ಕೊಡ್ಬೇಡಿ, ಗರ್ಭಕೋಶ ಹಿಂಡೋ ಗುಣ ಅದಕ್ಕಿದೆ. ಮತ್ತೆ ಮನೇಲಿ ಪಂಪ್ ಇದ್ರೆ ಅದನ್ನ ದೇವರ ಗೂಡಿನ ಪಕ್ಕಾನೋ, ಟಿವಿ ಹತ್ರಾನೋ, ಎಲ್ಲರ ಕೈಗೂ ಸಿಗೋ ಕಡೆ ಇಡಿ.