ಊಂಟ್ ಕಟಾರಾ

ಐವಾನ್-ಎ-ಶಾಹಿ ಎಂದರೆ ರಾಜಭವನ. ನಿಜಾಮರ ಕಾಲದ ಕಲಬುರಗಿಯ ಈ ಅತಿಥಿಗೃಹ ಈಗ ಸರಕಾರದ ವಸತಿಗೃಹ. ಅದನ್ನು ಹೊರಗಿನಿಂದಲೇ ನೋಡಿ, ಜನವರಿಯ ಒಂದು ಬೆಳಿಗ್ಗೆ ನಾವು ಹುಮನಾಬಾದ್ ರಸ್ತೆ ಹಿಡಿದೆವು. ಸುಮಾರು 35 ಕಿ.ಮೀ. ದೂರದ ಕಮಲಾಪುರದಲ್ಲಿ ನಮ್ಮವರ ಸೋದರತ್ತೆಯ ಮನೆ. ಅವರ ಮೊಮ್ಮಗಳಿಗೆ ಆಗ ಏಳು ತಿಂಗಳು.

ದಾರಿಯುದ್ದಕ್ಕೂ ಎರೆಹೊಲ. ಜೋಳ, ಕಡಲೆ, ಅಂಚಿನಲ್ಲಿ ಹಳದಿ-ಕೇಸರಿ ಹೂವಿನ ಕುಸುಬೆ. ದನ ನುಗ್ಗದಿರಲೆಂದು ಮುಳ್ಳಿನ ಕುಸುಬೆಯನ್ನು ಬೇಲಿಯಂತೆ ಬಿತ್ತುತ್ತಾರೆ. ಕೊಯ್ಲು ಹೆಂಗಸರ ಪಾಲು. ಇಬ್ಬನಿಗೆ ಮುಳ್ಳು ಮೆತ್ತಗಿರುವಾಗ, ಅಂದರೆ ಫಜ್ರ್ ಮುಗಿಯುತ್ತಲೇ, ಕೈಗೆ ಬಟ್ಟೆ ಸುತ್ತಿಕೊಂಡು ಹೊರಡಬೇಕು. ನಮ್ಮ ಅಡುಗೆಮನೆಯ ಕುಸುಬೆ ಎಣ್ಣೆಯ ಹಿಂದೆ ಆ ಕೈಗಳಿವೆ.

ಕಮಲಾಪುರ ಸಮೀಪಿಸಿದಾಗ ನೆಲ ಕೆಂಪಾಯಿತು. ಇಲ್ಲಿನ ಕೆಂಪು ಬಾಳೆಹಣ್ಣಿಗೆ ಭೌಗೋಳಿಕ ಗುರುತಿನ ಮನ್ನಣೆಯಿದೆ. ನನ್ನ ಕಣ್ಣು ಮಾತ್ರ ಹಿಂಬದಿಯ ಕಲ್ಲುಗುಡ್ಡದ ಮೇಲೆ ಬಿತ್ತು. ಮೊಣಕಾಲೆತ್ತರದ ಬೂದು ಗಿಡಗಳು, ತುದಿಯಲ್ಲಿ ತಿಳಿನೀಲಿ ಚೆಂಡುಗಳು. ಸುತ್ತ ಹುಲ್ಲೆಲ್ಲ ಒಣಗಿತ್ತು, ಇವು ಮಾತ್ರ ಅರಳಿದ್ದವು. "ಊಂಟ್ ಕಟಾರಾ" ಎಂದರು ಅತ್ತೆ. ಒಂಟೆಗೆ ಪ್ರಿಯವಾದ ಮುಳ್ಳುಗಿಡ. ಕನ್ನಡದಲ್ಲಿ ಬ್ರಹ್ಮದಂಡೆ. ಕುಸುಬೆ, ಸೇವಂತಿಗೆ, ಸೂರ್ಯಕಾಂತಿ ಎಲ್ಲ ಇದರ ನೆಂಟರೇ. ನಮ್ಮ ಕಾಂಗ್ರೆಸ್ ಹುಲ್ಲೂ ಅದೇ ಕುಟುಂಬದ್ದು, ಎಲ್ಲ ಮನೆತನದಲ್ಲೂ ಒಬ್ಬ ಇರುತ್ತಾನಲ್ಲ!

ಚೆಂಡು ಒಂದೇ ಹೂವಲ್ಲ, ಹತ್ತಾರು ಪುಟ್ಟ ಹೂಗಳ ಗುಂಪು. ಎಲೆಯ ಅಡಿಯಲ್ಲಿ ಹತ್ತಿಯಂಥ ಬಿಳಿ ನವಿರು. ಅದು ತೇವ ಹಾರದಂತೆ ತಡೆಯುತ್ತದೆ. ಬೇರು ಕಲ್ಲಿನ ಸಂದಿಯಲ್ಲಿ ಆಳಕ್ಕೆ ಇಳಿದು ನೀರು ಹುಡುಕುತ್ತದೆ. ಬಿಸಿಲಿನ ನೆಲದಲ್ಲಿ ಹೀಗೆ ಬದುಕುವ ಉಪಾಯವನ್ನು ಅಲ್ಲಾಹನು ಈ ಗಿಡಕ್ಕೆ ಕಲಿಸಿದ್ದಾನೆ.

ಅಷ್ಟರಲ್ಲಿ ಅತ್ತೆ ಸಣ್ಣ ಕುಡುಗೋಲಿನಿಂದ ಬೇರನ್ನೇ ಅಗೆಯತೊಡಗಿದರು. ಹೆರಿಗೆ ಸಲೀಸಾಗಲು ಬೇರನ್ನು ಸೊಂಟಕ್ಕೆ ಕಟ್ಟುವ, ಅರೆದು ಹೊಟ್ಟೆಗೆ ಹಚ್ಚುವ ರೂಢಿ ಹಳ್ಳಿಗಳಲ್ಲಿದೆ. "ನಾಲ್ಕು ಹೆರಿಗೆ ಮನೆಯಲ್ಲೇ ಆಯಿತು ನನಗೆ, ಇದರಿಂದಲೇ" ಎಂದರು ಅವರು.

ನಾನು ಏನು ಹೇಳಲಿ? ಹಿರಿಯರ ಮನಸ್ಸು ನೋಯಿಸಲಾರೆ. ಆದರೆ ಆ ಹುಡುಗಿಯ ಕಾಲು ಊದಿದ್ದು ನನ್ನ ಕಣ್ಣಿಗೆ ಬಿದ್ದಿತ್ತು, ತಲೆನೋವು ಎಂದೂ ಹೇಳಿದ್ದಳು. ರಕ್ತದೊತ್ತಡ ಏರಿದರೆ ಬೇರು ಏನು ಮಾಡೀತು? ಗುಡ್ಡದಲ್ಲೇ ನಿಂತು ಮೆಲ್ಲಗೆ ಹೇಳಿದೆ: "ಅಮ್ಮಾ, ಇದನ್ನು ಅವಳಿಗೆ ಕುಡಿಸಬೇಡಿ, ಕಟ್ಟುವುದೂ ಬೇಡ. ದುಆ ಮಾಡೋಣ. ನಾಳೆ ಆಸ್ಪತ್ರೆಗೆ ಕರೆದೊಯ್ಯೋಣ." ಅವರು ಉತ್ತರಿಸಲಿಲ್ಲ. ಬೇರನ್ನು ಸೆರಗಿನಲ್ಲಿ ಕಟ್ಟಿಕೊಂಡೇ ಇಳಿದರು.

ಮರುದಿನ ತಾಯಿ ಕಾರ್ಡ್ ಹಿಡಿದು ಅವಳು ನಮ್ಮ ಜೊತೆ ಬಂದಳು. ಅತ್ತೆಯೂ ಹೊರಟರು. ಒತ್ತಡ ಏರಿಯೇ ಇತ್ತು. ಮಾತ್ರೆ ಶುರುವಾಯಿತು. ಉಪ್ಪು ಕಡಿಮೆ ಮಾಡುವಂತೆ, ವಾರವಾರ ಬರುವಂತೆ ಹೇಳಿದರು. 2008ರಲ್ಲಿ ನಮ್ಮ ರಾಜ್ಯದಲ್ಲಿ ಆರಂಭವಾದ 108 ಆಂಬ್ಯುಲೆನ್ಸ್‌ನ ಸಂಖ್ಯೆಯನ್ನು ಅಳಿಯ ಗೋಡೆಯ ಮೇಲೆ ಇದ್ದಿಲಿನಲ್ಲಿ ಬರೆದ.

ಮಾರ್ಚಿನಲ್ಲಿ ಫೋನ್ ಬಂತು. ಆಸ್ಪತ್ರೆಯಲ್ಲೇ ಹೆರಿಗೆ, ಹೆಣ್ಣುಮಗು, ಇಬ್ಬರೂ ಕ್ಷೇಮ, ಅಲ್‌ಹಮ್ದುಲಿಲ್ಲಾಹ್. ಬೇರು ಏನಾಯಿತೆಂದು ಕೇಳಿದೆ. "ಗೂಡಿನಲ್ಲಿ ಇಟ್ಟೇ ಮರೆತುಹೋಯಿತು" ಎಂದು ಅತ್ತೆ ನಕ್ಕರು. "ಗುಡ್ಡದಲ್ಲಿ ಬೀಜ ಬಿದ್ದಿದೆ, ಮುಂದಿನ ಸಲ ಬಂದಾಗ ಹೂ ನೋಡಲು ಹೋಗೋಣ."