ಸಂಬಳದ ಆಸರೆಯಲ್ಲಿ ಬೆಳೆದ ಕ್ರಿಕೆಟ್

ಬೆಂಗಳೂರಿನ ಲೀಗ್ ಪಂದ್ಯಗಳನ್ನು ಎಪ್ಪತ್ತರ ದಶಕದಿಂದ ನೋಡುತ್ತ ಬಂದವರಿಗೆ ಒಂದು ಬದಲಾವಣೆ ಎದ್ದು ಕಾಣುತ್ತದೆ. ಆಗ ಒಳ್ಳೆಯ ಆಟಗಾರನೆಂದರೆ ಬ್ಯಾಂಕಿನಲ್ಲೋ ಸರ್ಕಾರಿ ಕಾರ್ಖಾನೆಯಲ್ಲೋ ಕೆಲಸಕ್ಕಿದ್ದವನು. ಈಗ ಕ್ರಿಕೆಟ್ಟೇ ಕೆಲಸ. 1974ರಲ್ಲಿ ಮುಂಬೈಯ 15 ವರ್ಷಗಳ ರಣಜಿ ಪಾರುಪತ್ಯ ಮುರಿದ ಕರ್ನಾಟಕದ ಜಿ.ಆರ್. ವಿಶ್ವನಾಥ್ ಸ್ಟೇಟ್ ಬ್ಯಾಂಕ್ ಉದ್ಯೋಗಿ. 1971ರಲ್ಲಿ ವೆಸ್ಟ್ ಇಂಡೀಸ್‌ನಲ್ಲೂ ಇಂಗ್ಲೆಂಡಿನಲ್ಲೂ ಸರಣಿ ಗೆದ್ದ ನಾಯಕ ಅಜಿತ್ ವಾಡೇಕರ್ ಅದೇ ಬ್ಯಾಂಕಿನವರು. ಕರ್ನಾಟಕದ ಆಫ್‌ಸ್ಪಿನ್ನರ್ ಪ್ರಸನ್ನ ಅವರಂತೂ 1962ರ ವೆಸ್ಟ್ ಇಂಡೀಸ್ ಪ್ರವಾಸದ ನಂತರ ಎಂಜಿನಿಯರಿಂಗ್ ಓದಿಗಾಗಿ ಸುಮಾರು ಐದು ವರ್ಷ ಟೆಸ್ಟ್ ಆಟವನ್ನೇ ಬದಿಗಿಟ್ಟರು. ಆಟ ಅನ್ನ ಹಾಕುವುದಿಲ್ಲ ಎಂಬುದು ಎಲ್ಲರಿಗೂ ತಿಳಿದಿದ್ದ ಕಾಲದಲ್ಲಿ, ಸಾಧಾರಣ ಮನೆಯ ಹುಡುಗ ಮೂವತ್ತು ದಾಟಿದ ಮೇಲೂ ಆಡುವಂತಾದದ್ದು ತಿಂಗಳ ಸಂಬಳದಿಂದ.

ಆಫೀಸಿನ ಕೆಲಸ ಮಾಡದೆ ಸಂಬಳ ಪಡೆದರಲ್ಲ ಎಂಬ ಆಕ್ಷೇಪ ಆಗಲೂ ಇತ್ತು. ಅದರಲ್ಲಿ ಸತ್ಯಾಂಶವಿಲ್ಲದಿಲ್ಲ; ಮೈದಾನದಲ್ಲಿದ್ದವನ ಕಡತಗಳನ್ನು ಪಕ್ಕದ ಮೇಜಿನವರೇ ನೋಡಿಕೊಳ್ಳಬೇಕಿತ್ತು. ಆದರೆ ಈ ವಿನಾಯಿತಿಗೂ ಲೆಕ್ಕವಿದೆ. ಕೇಂದ್ರ ಸರ್ಕಾರಿ ನೌಕರರಿಗೆ ಕ್ರೀಡೆಗಾಗಿ ಸಿಗುವ ವಿಶೇಷ ಸಾಂದರ್ಭಿಕ ರಜೆ ವರ್ಷಕ್ಕೆ 30 ದಿನ ಮೀರುವಂತಿಲ್ಲ. ಆಟ ಮುಗಿದ ಮೇಲೆ ಅದೇ ನೌಕರ ಇನ್ನೂ ಎರಡು ಮೂರು ದಶಕ ಸಂಸ್ಥೆಗೆ ದುಡಿಯುತ್ತಿದ್ದ. ವಾಡೇಕರ್ ಬ್ಯಾಂಕಿನಲ್ಲಿ ಉನ್ನತ ಹುದ್ದೆಗೇ ಏರಿದರು.

ಈಗಿನವರ ಸಂಪಾದನೆ ಕಂಡರೆ ಆ ವ್ಯವಸ್ಥೆಗೆ ಮರುಗಬೇಕೇಕೆ ಎಂದು ಕೇಳಬಹುದು. 2021ರ ಪರಿಷ್ಕರಣೆಯಲ್ಲಿ ರಣಜಿ ಆಟಗಾರನ ಸಂಭಾವನೆ ಅನುಭವಕ್ಕೆ ತಕ್ಕಂತೆ ದಿನಕ್ಕೆ 40,000ದಿಂದ 60,000 ರೂಪಾಯಿಯವರೆಗೆ ನಿಗದಿಯಾಯಿತು. 2008ರಲ್ಲಿ ಶುರುವಾದ ಐಪಿಎಲ್ ಕೆಲವರನ್ನು ಕೋಟ್ಯಧಿಪತಿಗಳನ್ನಾಗಿಸಿತು. ಆಟಗಾರನ ಬೆವರಿಗೆ ಬೆಲೆ ಬಂದದ್ದು ನ್ಯಾಯವೇ. ಆದರೆ ಆ ಹಣ ತಂಡಕ್ಕೆ ಆಯ್ಕೆಯಾದವರಿಗೆ, ಆಯ್ಕೆಯಾಗಿರುವಷ್ಟು ದಿನ ಮಾತ್ರ. ಎರಡನೇ ಡಿವಿಷನ್‌ನಲ್ಲಿ ಆಡುವವನಿಗೂ, ಮೊಣಕಾಲು ಕೆಟ್ಟು ಇಪ್ಪತ್ತಾರಕ್ಕೇ ಹೊರಬಿದ್ದವನಿಗೂ ಅದರಲ್ಲಿ ಪಾಲಿಲ್ಲ. ಬ್ಯಾಂಕುಗಳು ಕ್ರೀಡಾ ನೇಮಕಾತಿಯನ್ನು ಮೊಟಕುಗೊಳಿಸಿದ ಮೇಲೆ ಆಟದ ಅಪಾಯವೆಲ್ಲ ಹುಡುಗನ ಮನೆಯವರ ತಲೆಗೆ ಬಂದಿದೆ. ಅದನ್ನು ತಾಳಬಲ್ಲ ಮನೆಗಳ ಮಕ್ಕಳಷ್ಟೇ ಕೊನೆಗೆ ಮೈದಾನದಲ್ಲಿ ಉಳಿದಾರು. ಕ್ರೀಡಾ ಕೋಟಾ ಉಳಿಸಿಕೊಳ್ಳಿ ಎನ್ನುವುದು ಹಳೆಯ ಕಾಲದ ಹಂಬಲವಲ್ಲ. ಪ್ರತಿಭೆ ಎಲ್ಲ ಮನೆಗಳಿಂದಲೂ ಬರಬೇಕಾದರೆ ಸೋತವನಿಗೂ ಒಂದು ಜೀವನೋಪಾಯ ಇರಲೇಬೇಕು.