ಕಾಲಡಿ ನಡುಗುವ ಸ್ಲ್ಯಾಬು

ಕಲಬುರಗಿಯಲ್ಲಿ ಹೊಸ ಮನೆ ಕಟ್ಟಿಸಿದವರು ಆಗಾಗ ಕೇಳುವ ಪ್ರಶ್ನೆ ಇದು. ಮೊನ್ನೆ ಕಮಲಾಪುರದಲ್ಲಿ, ಹೆದ್ದಾರಿ ಬದಿ ಅಂಗಡಿಯ ಮೇಲೆ ಮನೆ ಮಾಡಿಕೊಂಡಿರುವ ನಮ್ಮ ಕಾಕಾ, ಊರಿನ ಕೆಂಪು ಬಾಳೆಹಣ್ಣು ಕೈಗಿಡುತ್ತ ಅದನ್ನೇ ಕೇಳಿದರು: "ಹುಡುಗ್ರು ಓಡ್ಯಾಡಿದ್ರ ಸ್ಲ್ಯಾಬ್ ಥರಥರ ಅಂತದಲ್ಲೋ ತಮ್ಮಾ, ಬೀಳ್ತದೇನು?"

ಅವರ ಭಯ ನನಗೆ ಅರ್ಥವಾಗುತ್ತದೆ. 1993ರ ಸೆಪ್ಟೆಂಬರ್ 30ರ ನಸುಕಿನ ಭೂಕಂಪದಲ್ಲಿ ಮಹಾರಾಷ್ಟ್ರದ ಕಿಲ್ಲಾರಿ ನೆಲಕಚ್ಚಿದ್ದನ್ನು ನಮ್ಮ ಸೀಮೆಯ ಹಿರಿಯರು ಮರೆತಿಲ್ಲ. ಆದರೆ ಅಲ್ಲಿ ಬಿದ್ದ ಮನೆಗಳನ್ನು ನೆನೆಸಿಕೊಳ್ಳಿ. ಕಲ್ಲು-ಮಣ್ಣಿನ ದಪ್ಪ ಗೋಡೆ, ತೊಲೆ, ಜಂತಿ, ಅದರ ಮೇಲೆ ಹೇರಿದ ಮಣ್ಣು. ಇಂಥ ಮಾಳಿಗೆಯ ಮೇಲೆ ಮಕ್ಕಳು ಕುಣಿದರೂ ಕೆಳಗಿದ್ದವರಿಗೆ ಗೊತ್ತಾಗುತ್ತಿರಲಿಲ್ಲ. ಮಣ್ಣಿನ ಭಾರವೇ ನಡುಕವನ್ನು ನುಂಗುತ್ತಿತ್ತು. ಭೂಮಿ ಅಲುಗಿದಾಗ ಅದೇ ಭಾರ ಮಲಗಿದ್ದವರ ಮೇಲೆ ಕುಸಿಯಿತು. ಕಾಲಡಿ ನಡುಗದ ಮಾಳಿಗೆಯೆಲ್ಲ ಗಟ್ಟಿಯಲ್ಲ. ನಡುಗುವ ಸ್ಲ್ಯಾಬೆಲ್ಲ ಬೀಳುವುದೂ ಇಲ್ಲ.

ನಾವು ನಡೆಯುವಾಗ ಸೆಕೆಂಡಿಗೆ ಸುಮಾರು ಎರಡು ಹೆಜ್ಜೆ ಇಡುತ್ತೇವೆ. ಪ್ರತಿ ಸ್ಲ್ಯಾಬಿಗೂ ತನ್ನದೇ ಆದ ಕಂಪನದ ಲಯವಿದೆ. ಅದನ್ನು ಅಂದಾಜು ಮಾಡಲು ಸುಲಭ ಲೆಕ್ಕವೊಂದುಂಟು: ಸ್ಲ್ಯಾಬು ತನ್ನ ಭಾರಕ್ಕೆ ನಡುವೆ ಎಷ್ಟು ಮಿಲಿಮೀಟರ್ ಜಗ್ಗುತ್ತದೋ ಅದರ ವರ್ಗಮೂಲದಿಂದ 18ನ್ನು ಭಾಗಿಸಬೇಕು. 4 ಮಿ.ಮೀ. ಜಗ್ಗಿದರೆ ಸೆಕೆಂಡಿಗೆ 9 ಕಂಪನ, 9 ಮಿ.ಮೀ. ಜಗ್ಗಿದರೆ 6. ಆರು ಎಂದರೆ ಹೆಜ್ಜೆಯ ಲಯದ ಸರಿಯಾಗಿ ಮೂರರಷ್ಟು. ಹೆಜ್ಜೆಗೆ ಸ್ಲ್ಯಾಬು ತಾಳ ಕೂಡಿಸಿಬಿಡುತ್ತದೆ. ನಮ್ಮ ಮೈಯೂ 4ರಿಂದ 8ರ ನಡುವಿನ ಕಂಪನವನ್ನೇ ಹೆಚ್ಚು ಗುರುತಿಸುತ್ತದೆ. 2011ರಲ್ಲಿ ದಕ್ಷಿಣ ಕೊರಿಯಾದ ಸೋಲ್ ನಗರದ 39 ಅಂತಸ್ತಿನ ಕಟ್ಟಡವೊಂದು ಹತ್ತು ನಿಮಿಷ ಅಲುಗಾಡಿತು. ಜನರನ್ನೆಲ್ಲ ಹೊರಗೆ ಕಳಿಸಿದರು. ಕಾರಣ ಹುಡುಕಿದರೆ, 12ನೇ ಮಹಡಿಯ ಜಿಮ್ಮಿನಲ್ಲಿ ಹದಿನೇಳು ಮಂದಿ ಒಂದೇ ತಾಳಕ್ಕೆ ವ್ಯಾಯಾಮ ಮಾಡುತ್ತಿದ್ದರಂತೆ! ಕಟ್ಟಡ ಇಂದಿಗೂ ನಿಂತಿದೆ.

ಕಾಕಾನ ಮನೆಯಲ್ಲಿ ನಾನು ಮೊದಲು ನೋಡಿದ್ದು ಅಂಗಡಿಯ ಅಗಲ ಮತ್ತು ಸ್ಲ್ಯಾಬಿನ ದಪ್ಪ. ಅಂಗಡಿಗೆ ಅಡ್ಡಿಯೆಂದು ನಡುವಿನ ಕಂಬ, ಗೋಡೆ ಬಿಟ್ಟು ಅಗಲ ಹೆಚ್ಚಿಸುತ್ತಾರೆ, ದಪ್ಪ ಮಾತ್ರ ಹಳೆಯದೇ ಉಳಿಯುತ್ತದೆ. ಆಮೇಲೆ ಹಿಮ್ಮಡಿ ಎತ್ತಿ ಧೊಪ್ಪನೆ ಊರಿದೆ. ನಡುಕ ಒಡನೆ ಅಡಗಿತು, ಒಳ್ಳೆಯ ಲಕ್ಷಣ. ಮೊಬೈಲಿನ ಕಂಪನ ಅಳೆಯುವ ಆ್ಯಪ್ ಕೂಡ ಒಂದು ಮಟ್ಟಿಗೆ ನೆರವಾಗುತ್ತದೆ. ಕೆಳಗೆ ಬಿರುಕಿರಲಿಲ್ಲ, ತುಕ್ಕಿನ ಕಲೆಯಿರಲಿಲ್ಲ. ಮೇಲೊಂದು ಇಟ್ಟಿಗೆಯ ಅಡ್ಡಗೋಡೆ ಬಂದರೂ ನಡುಕ ಇಳಿದೀತು, ಆದರೆ ಆ ಭಾರಕ್ಕೆ ಲೆಕ್ಕ ಮಾಡಿಸದೆ ಕಟ್ಟಿಸಬಾರದೆಂದೆ.

ಬಾಲ್ಕನಿಯ ವಿಷಯ ಹೀಗಲ್ಲ. ಚಾಚಿದ ಸ್ಲ್ಯಾಬಿಗೆ ಮುಖ್ಯ ಕಬ್ಬಿಣ ಮೇಲ್ಭಾಗದಲ್ಲೇ ಇರಬೇಕು. ಕಾಂಕ್ರೀಟ್ ಸುರಿಯುವ ಗಡಿಬಿಡಿಯಲ್ಲಿ ಗೌಂಡಿಗಳು, ಕೂಲಿಯವರು ಸರಳುಗಳ ಮೇಲೆಯೇ ಓಡಾಡುತ್ತಾರೆ, ಅವು ಕೆಳಗೆ ಕುಸಿಯುತ್ತವೆ. ಮೇಲೆ ಗಿಲಾವು ಬಿದ್ದ ಮೇಲೆ ಯಾರಿಗೂ ಕಾಣದು. ಸ್ಲ್ಯಾಬ್ ಹಾಕುವ ದಿನ ಊಟದ ಏರ್ಪಾಟಿನಲ್ಲಿ ಮುಳುಗುವ ಯಜಮಾನರು ಆ ಒಂದು ತಾಸು ಸರಳುಗಳ ಹತ್ತಿರ ನಿಲ್ಲಬೇಕು.

ನಿಮ್ಮ ಬಾಲ್ಕನಿ ನಡುಗುತ್ತಿದ್ದರೆ, ಇಲ್ಲವೇ ವರ್ಷಗಟ್ಟಲೆ ಸುಮ್ಮನಿದ್ದ ಸ್ಲ್ಯಾಬು ಹೊಸದಾಗಿ ನಡುಗಲು ಶುರು ಮಾಡಿದ್ದರೆ, ಅಲ್ಲಿ ಜನ ನಿಲ್ಲುವುದನ್ನು ಇಂದೇ ಬಿಡಿಸಿ, ಸ್ಟ್ರಕ್ಚರಲ್ ಇಂಜಿನಿಯರನ್ನು ಕರೆಸಿ.